ದೂರಶಿಕ್ಷಣದ ಪಾಠ ಕಣ್ಣಿಲ್ಲದವರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದಾಳೆ. ಆನ್‌ಲೈನ್ ತರಗತಿ ಇದ್ದ ದಿನ ಅರ್ಧ ಗಂಟೆ ಮೊದಲೇ ಇಯರ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ತರಗತಿಗೆ ಸೇರುವುದು, ಮೈಕ್ ಆನ್ ಮಾಡುವುದು, ಕೈ ಎತ್ತುವುದು ಎಲ್ಲವನ್ನೂ ಕೀಬೋರ್ಡ್‌ನಲ್ಲೇ ಮಾಡುತ್ತಾಳೆ. ತೊಂದರೆ ಶುರುವಾಗುವುದು ಆಮೇಲೆ. ಮೇಷ್ಟ್ರು ಸ್ಲೈಡ್ ಹಾಕಿ, 'ಇಲ್ಲಿ ನೋಡಿ, ಈ ಸಾಲು ಮುಖ್ಯ' ಅನ್ನುತ್ತಾರೆ. ಹಾಗೆ ತೋರಿಸಿದ ಪರದೆ ಈ ತಂತ್ರಾಂಶಕ್ಕೆ ಬರೀ ಚಿತ್ರ. ಅದು ಸುಮ್ಮನಾಗುತ್ತದೆ. ಇವಳೂ ಸುಮ್ಮನಾಗುತ್ತಾಳೆ.

ನೋಟ್ಸ್ ಕೊಡ್ತಾರಲ್ವಾ ಅಂದರೆ, ಅದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನ ಪಿಡಿಎಫ್. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಕೊನೆಗೆ ರಾತ್ರಿ ಕೆಲಸ ಮುಗಿಸಿ ನಾನೇ ಓದಿ ಹೇಳುತ್ತೇನೆ. ನನಗೆ ಅದರಲ್ಲಿ ಬೇಸರವಿಲ್ಲ. ಆದರೆ ತಾನೇ ಓದಬೇಕು ಅನ್ನುವುದು ಅವಳ ಆಸೆ.

ಇದಕ್ಕೆ ಜಾಸ್ತಿ ಖರ್ಚೇನೂ ಇಲ್ಲ. ಸ್ಲೈಡು, ನೋಟ್ಸುಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹಿಂದಿನ ದಿನವೇ ಕಳಿಸಲಿ. ಪರದೆಯಲ್ಲಿ ಇರುವುದನ್ನು ಬಾಯಲ್ಲೂ ಓದಲಿ. ಕಿವಿ ಕೇಳದವರಿಗಾಗಿ ರೆಕಾರ್ಡಿಂಗ್‌ಗಳಿಗೆ ಕನ್ನಡ ಅಡಿಬರಹ ಸೇರಿಸಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಎಂದೇ ನೋಡುತ್ತದೆ. ಮುಂದಿನ ಸೆಮಿಸ್ಟರ್‌ಗೆ ಮೊದಲೇ ನಮ್ಮ ವಿಶ್ವವಿದ್ಯಾಲಯಗಳು ಇಷ್ಟು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ತುಮಕೂರು