ಮಳೆ ರಜೆಯಲ್ಲೂ ತೆರೆಯುವಂತಿರಲಿ ತರಗತಿಯ ಸ್ಲೈಡ್‌ಗಳು

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಜೋರಾದಾಗ ಕೊಡಗಿನ ಶಾಲೆಗಳಿಗೆ ಮಳೆ ರಜೆ ಸಿಗುವುದು ಹೊಸದೇನಲ್ಲ. ತಪ್ಪಿದ ಪಾಠಗಳನ್ನು ಹೆಚ್ಚುವರಿ ತರಗತಿಗಳಲ್ಲಿ ಸರಿದೂಗಿಸುವ ರೂಢಿಯ ಜೊತೆಗೆ, ಸ್ಮಾರ್ಟ್ ಕ್ಲಾಸಿಗೆಂದು ಸಿದ್ಧಪಡಿಸಿದ ಸ್ಲೈಡ್‌ಗಳನ್ನು ಅಂತರ್ಜಾಲದ ಮೂಲಕ ಮಕ್ಕಳಿಗೆ ತಲುಪಿಸುವ ಕ್ರಮವೂ ಈಚೆಗೆ ಬೆಳೆಯುತ್ತಿದೆ. ಇದು ಸ್ವಾಗತಾರ್ಹ. ಆದರೆ ಹಾಗೆ ಕಳುಹಿಸಿದ್ದು ಮಕ್ಕಳ ಮನೆಯ ಮೊಬೈಲ್‌ನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತಿದೆಯೇ ಎಂದು ವಿಚಾರಿಸುವವರು ಕಡಿಮೆ.

ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಗೂಗಲ್ ಡ್ರೈವ್ ಲಿಂಕನ್ನು ಒತ್ತಿದರೆ ಎಷ್ಟೋ ಸಲ ಪಾಠದ ಬದಲು ಅನುಮತಿ ಕೇಳುವ ಪುಟ ಬರುತ್ತದೆ. ಲಿಂಕ್ ಇರುವ ಯಾರಾದರೂ ನೋಡಬಹುದೆಂಬ ಆಯ್ಕೆಯನ್ನು ಹಂಚುವಾಗ ಒತ್ತಿರುವುದಿಲ್ಲ. ಕೆಲವರು ತಿದ್ದುವ ಅನುಮತಿಯನ್ನೇ ಕೊಟ್ಟುಬಿಡುತ್ತಾರೆ, ಆಗ ಯಾರದೋ ಬೆರಳು ತಾಗಿ ಇಡೀ ಪುಟ ಅಳಿಸಿದರೂ ಆಶ್ಚರ್ಯವಿಲ್ಲ. ಇನ್ನು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸ್ಲೈಡ್‌ಗಳು ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಎಲ್ಲ ಮೊಬೈಲ್‌ಗಳೂ ಗುರುತಿಸುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಡಕಿಲ್ಲ. ಹಳೆಯ ಸ್ಲೈಡ್‌ಗಳನ್ನಾದರೂ ಪಿಡಿಎಫ್ ಮಾಡಿ ಕಳುಹಿಸಿದರೆ ಓದುವುದಕ್ಕೆ ಸಿಗುತ್ತದೆ.

ಪಿಡಿಎಫ್ ಮಾಡುವಾಗಲೂ ಒಂದು ಎಚ್ಚರ ಬೇಕು. ತರಗತಿಯಲ್ಲಿ ಪ್ರಶ್ನೆಯನ್ನು ಮೊದಲು ತೋರಿಸಿ, ಮಕ್ಕಳು ಯೋಚಿಸಿದ ಮೇಲೆ ಕ್ಲಿಕ್ ಮಾಡಿ ಉತ್ತರ ತೋರಿಸುತ್ತೇವೆ. ಪಿಡಿಎಫ್‌ನಲ್ಲಿ ಅನಿಮೇಷನ್ ಉಳಿಯದ ಕಾರಣ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಕಾಣುತ್ತವೆ, ಒಂದರ ಮೇಲೊಂದು ಬರುವಂತೆ ಇಟ್ಟ ಚಿತ್ರಗಳಂತೂ ಪೂರ್ತಿ ಮುಚ್ಚಿಹೋಗುತ್ತವೆ. ಅಂಥವನ್ನು ಬೇರೆ ಬೇರೆ ಸ್ಲೈಡ್‌ಗಳಾಗಿ ಒಡೆಯುವುದೇ ದಾರಿ. ಇದಕ್ಕಿಂತ ಮುಖ್ಯವಾದುದು, ಸ್ಲೈಡ್ ತಾನಾಗಿಯೇ ಪಾಠವಾಗುವುದಿಲ್ಲ ಎಂಬುದು. ಪರದೆಯ ಮೇಲೆ ‘ಪತ್ರಹರಿತ್ತು – ಬೆಳಕು – ಪಿಷ್ಟ’ ಎಂದಷ್ಟೇ ಇದ್ದರೆ, ನಡುವೆ ಶಿಕ್ಷಕಿ ಹೇಳಿದ ಮಾತುಗಳು ಆ ದಿನ ಬಾರದ ಹುಡುಗನಿಗೆ ಎಲ್ಲಿಂದ ಸಿಗಬೇಕು? ಪವರ್‌ಪಾಯಿಂಟ್‌ನಲ್ಲಿಯೂ ಗೂಗಲ್ ಸ್ಲೈಡ್ಸ್‌ನಲ್ಲಿಯೂ ಪ್ರತಿ ಸ್ಲೈಡ್‌ನ ಕೆಳಗೆ ಟಿಪ್ಪಣಿ ಬರೆಯಲು ಜಾಗವಿದ್ದು, ಅಲ್ಲಿ ಮೂರ್ನಾಲ್ಕು ವಾಕ್ಯಗಳ ವಿವರಣೆ ಬರೆದು ಟಿಪ್ಪಣಿ ಸಮೇತ ಪಿಡಿಎಫ್ ಮಾಡಲು ಬರುತ್ತದೆ. ಇದಕ್ಕೆ ಹಿಡಿಯುವ ಸಮಯ ಬಣ್ಣಬಣ್ಣದ ಹಿನ್ನೆಲೆ ಹುಡುಕುವುದಕ್ಕೆ ಹಿಡಿಯುವುದಕ್ಕಿಂತ ಹೆಚ್ಚೇನಲ್ಲ.

ಕಡತದ ಗಾತ್ರವನ್ನೂ ಮರೆಯುವಂತಿಲ್ಲ. ಮೊಬೈಲ್‌ನಲ್ಲಿ ತೆಗೆದ ಫೋಟೊ ಒಂದೊಂದೂ ಮೂರ್ನಾಲ್ಕು ಎಂಬಿ ಇರುವುದುಂಟು. ಹತ್ತು ಫೋಟೊ ಸೇರಿಸಿದ ಪಾಠ, ಕರೆಂಟ್ ಹೋದೊಡನೆ ಟವರ್ ಕೂಡ ಕೈಕೊಡುವ ಊರುಗಳಲ್ಲಿ ಡೌನ್‌ಲೋಡ್ ಆಗುವುದು ಯಾವಾಗ? ಚಿತ್ರಗಳನ್ನು ಕುಗ್ಗಿಸುವ ಸೌಲಭ್ಯ ಪವರ್‌ಪಾಯಿಂಟ್‌ನಲ್ಲೇ ಇದೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸರ್ಕಾರದ ದೀಕ್ಷಾ ಜಾಲತಾಣದ ಪಾಠಗಳು ಸಿಗುವಾಗ ಇದೆಲ್ಲ ಏಕೆಂದು ಕೇಳಬಹುದು. ಕಾಫಿಯ ಕೊಳೆ ರೋಗವನ್ನೋ 2018ರ ಭೂಕುಸಿತವನ್ನೋ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿನ ಶಿಕ್ಷಕರು ಮಾಡುವ ಪಾಠಕ್ಕೆ ಅದರದೇ ಬೆಲೆಯಿದೆ. ಆದರೆ ಇಂಥ ಪಾಠಗಳಲ್ಲಿ ಬಹುಪಾಲು ಇರುವುದು ಶಿಕ್ಷಕರ ಸ್ವಂತ ಗೂಗಲ್ ಖಾತೆಗಳಲ್ಲಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ತಂದಿದೆ. ವರ್ಗವಾಗಿ ಹೋದ ಶಿಕ್ಷಕರು ಆ ಖಾತೆಯ ಕಡೆ ನೋಡದಿದ್ದರೆ ಅವರ ಪಾಠಗಳೂ ಹೋದಂತೆಯೇ.

ಆದ್ದರಿಂದ ಶಾಲೆಗೊಂದು ಖಾತೆ ಮಾಡಿಸಿ, ತಾಲ್ಲೂಕಿನ ಎಲ್ಲ ಶಾಲೆಗಳ ಸ್ಲೈಡ್‌ಗಳ ಲಿಂಕ್‌ಗಳನ್ನು ತರಗತಿ, ವಿಷಯವಾರು ಒಂದೇ ಪಟ್ಟಿಯಲ್ಲಿ ಸಿಗುವಂತೆ ಮಾಡಲು ಶಿಕ್ಷಣ ಇಲಾಖೆ ಮುಂದಾಗಬೇಕು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದ ಮಕ್ಕಳಿಗಾಗಿ, ಅದರಲ್ಲೂ ತೋಟದ ಕಾರ್ಮಿಕರ ಲೈನ್‌ಮನೆಗಳ ಮಕ್ಕಳಿಗಾಗಿ, ಅವೇ ಪಿಡಿಎಫ್‌ಗಳನ್ನು ಜೂನ್‌ಗೆ ಮೊದಲೇ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳ (ಗ್ರಂಥಾಲಯಗಳ) ಕಂಪ್ಯೂಟರ್‌ಗಳಿಗೆ ಹಾಕಿಸಬೇಕೆಂದು ಕೋರುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು