ದೂರು ಬಂದ ದಿನವೇ ಸಾಕ್ಷ್ಯ ಹಿಡಿಯಲು ಹೇಳಿ: ಶಾಸಕರಿಗೊಂದು ಬಹಿರಂಗ ಪತ್ರ

ಮಂಗಳೂರಿನ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕರಾವಳಿಯಲ್ಲಿ ಎಲ್ಲಿ ಗಲಾಟೆಯಾದರೂ ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ತುಳು ಆಡಿಯೊ ಓಡಾಡುತ್ತದೆ. ಇಂಥವರ ಅಂಗಡಿಗೆ ಹೋಗಬೇಡಿ, ಕೈಗೆ ಸಿಕ್ಕಿದರೆ ಬಿಡಬೇಡಿ ಎಂಬ ಧಾಟಿ. ದೂರು ಕೊಟ್ಟವರಿಗೆ ಠಾಣೆಯಿಂದ ಸಿಗುವುದು ಒಂದು ಹಿಂಬರಹ. ರಸ್ತೆ ಹೊಂಡದ ಫೋಟೊ ಹಾಕಿ ಜನಪ್ರತಿನಿಧಿಯನ್ನು ಬೈದ ಹುಡುಗನನ್ನು ಮಾತ್ರ ಠಾಣೆಗೆ ಕರೆಸಿ ಕೂರಿಸುತ್ತಾರೆ. ಇದು ಯಾವ ನ್ಯಾಯ ಸ್ವಾಮಿ?

ಗೆರೆ ಎಲ್ಲಿದೆ ಎಂಬುದು ನಿಮಗೆ ಗೊತ್ತಿರುವುದೇ. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು, ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ರದ್ದುಮಾಡಿ, ಮಾತು ಎಷ್ಟೇ ಕಹಿಯಾದರೂ ಪ್ರಚೋದನೆಯ ಮಟ್ಟ ಮುಟ್ಟುವವರೆಗೆ ಅದು ಹಕ್ಕು ಎಂದಿತು. ನಿಮ್ಮನ್ನು ಬೈಯುವುದು ಗೆರೆಯ ಈಚೆ, ಆ ಆಡಿಯೊ ಆಚೆ. ದ್ವೇಷ ಭಾಷಣಕ್ಕೆ ದೂರಿಗೆ ಕಾಯದೆ, ಧರ್ಮ ನೋಡದೆ ಪ್ರಕರಣ ದಾಖಲಿಸಿ ಎಂದು 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಠಾಣೆಯವರು ತೋರಿಸುವುದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(3)ರಂತೆ ಎಫ್‌ಐಆರ್‌ಗೆ ಮೊದಲು ನಡೆಸಬಹುದಾದ 14 ದಿನಗಳ ಪ್ರಾಥಮಿಕ ವಿಚಾರಣೆಯನ್ನು. ಅದು ಇರಲೇಬೇಕು, ಹೊಂಡದ ಫೋಟೊ ಹಾಕಿದ ಹುಡುಗನನ್ನು ಸುಳ್ಳು ಪ್ರಕರಣದಿಂದ ಕಾಪಾಡುವುದೇ ಅದು. ಆದರೆ ವಿಚಾರಣೆ ಮುಗಿಯುವವರೆಗೆ ಸಾಕ್ಷ್ಯ ಮುಟ್ಟಬಾರದು ಎಂದು ಯಾರು ಹೇಳಿದ್ದು? ಅಷ್ಟರಲ್ಲಿ ಪೋಸ್ಟ್ ಅಳಿಸಿರುತ್ತದೆ, ಖಾತೆಯ ಹೆಸರು ಬದಲಾಗಿರುತ್ತದೆ. ಫೇಸ್‌ಬುಕ್‌ನಂಥ ಕಂಪನಿ ತಾನೇ ತೆಗೆದುಹಾಕಿದ ಪೋಸ್ಟನ್ನು 2021ರ ಐಟಿ ನಿಯಮದಂತೆ 180 ದಿನ ಉಳಿಸಿಕೊಳ್ಳಬೇಕು. ಬರೆದವನೇ ಅಳಿಸಿದರೆ ಆ ಭರವಸೆಯೂ ಇಲ್ಲ.

ಹಾಗಾಗಿ ದೂರು ಬಂದ ದಿನವೇ ಸಾಕ್ಷ್ಯ ಹಿಡಿಯಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಫೇಸ್‌ಬುಕ್ ಆದರೆ ಪೋಸ್ಟಿನ ಲಿಂಕ್, ಪ್ರೊಫೈಲಿನ ಲಿಂಕ್, ದಿನಾಂಕ, ಸಮಯ ಎಲ್ಲ ಕಾಣುವಂತೆ ಸ್ಕ್ರೀನ್ ರೆಕಾರ್ಡಿಂಗ್ ಬೇಕು. ವಾಟ್ಸ್‌ಆ್ಯಪ್ ಆದರೆ ಗುಂಪಿನ ಹೆಸರು ಮತ್ತು ಕಳಿಸಿದವನ ನಂಬರ್ ತೆರೆದು ತೋರಿಸಬೇಕು, ಏಕೆಂದರೆ ಫಾರ್ವರ್ಡ್ ಆದ ಆಡಿಯೊದಲ್ಲಿ ಮೊದಲು ಕಳಿಸಿದವನ ಗುರುತು ಇರುವುದಿಲ್ಲ. ದೂರುದಾರರಿಗೂ ಒಂದು ಮಾತು: ಮೂಲ ಸಂದೇಶ ಫೋನಿನಲ್ಲೇ ಇರಲಿ, ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಬೇಡಿ. ಪೊಲೀಸರು ಫೈಲಿನ ಹ್ಯಾಶ್ ಮೌಲ್ಯ (ಫೈಲ್ ತಿದ್ದಿದರೆ ಬದಲಾಗುವ, ಬೆರಳಚ್ಚಿನಂಥ ಸಂಕೇತ) ತೆಗೆದು, ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ಎರಡೂ ಭಾಗ ತುಂಬಿಸಬೇಕು. ಇದು ತಪ್ಪಿದರೆ ಕೋರ್ಟಿನಲ್ಲಿ ಮೊದಲ ಪ್ರಶ್ನೆಗೇ ಪ್ರಕರಣ ಕುಂಟುತ್ತದೆ.

ಭಾಷೆಯದೂ ತೊಡಕಿದೆ. ತುಳುವಿನ ‘ಬುಡೊಡ್ಚಿ’ಯನ್ನು ‘ಬಿಡಬೇಡಿ’ ಎಂದಷ್ಟೇ ಬರೆದುಕೊಂಡರೆ ಬೆದರಿಕೆ ಕಾಗದಕ್ಕೆ ಇಳಿಯುವುದಿಲ್ಲ. ಹಿಂದುಮುಂದಿನ ಮಾತು ಸಮೇತ ಪೂರ್ತಿ ತುಳುವಿನಲ್ಲೇ ಇಳಿಸಿ, ಕೆಳಗೆ ಕನ್ನಡ ಕೊಡಬೇಕು. ಬ್ಯಾರಿ, ಕೊಂಕಣಿಗೂ ಇದೇ ಕ್ರಮ.

ಕಂಪನಿಗೆ ಲಿಖಿತ ನೋಟಿಸ್ ಅಂದೇ ಹೋಗಲಿ. ಅಧಿಕೃತವಾಗಿ ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕೆಂಬ ನಿಯಮವಿದೆ. ಕೇಳದಿದ್ದರೆ ಯಾರು ಕೊಡುತ್ತಾರೆ?

ದ್ವೇಷ ಭಾಷಣದ ಪ್ರಕರಣದಲ್ಲಿ ಆರೋಪಪಟ್ಟಿ ಸಿದ್ಧವಾದ ಮೇಲೂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು, ಕಡತಗಳು ಅಲ್ಲಿ ಮಲಗುತ್ತವೆ. ಅದನ್ನು ಸದನದಲ್ಲಿ ಕೇಳುವ ಅಧಿಕಾರ ನಿಮಗಿದೆ, ನಮಗಿಲ್ಲ.

ಎಷ್ಟು ಸಲ ಹೇಳಬೇಕು? ಟೀಕೆ ಮಾಡಿದವರನ್ನು ಠಾಣೆಗೆ ಎಳೆಯಬೇಡಿ. ದೂರು ಬಂದ ದಿನವೇ ಸಾಕ್ಷ್ಯ ಹಿಡಿಯಿರಿ. ಈ ಎರಡನ್ನು ಎಲ್ಲ ಠಾಣೆಗಳಿಗೂ ಲಿಖಿತ ಸುತ್ತೋಲೆಯಾಗಿ ಹೊರಡಿಸುವಂತೆ ಗೃಹ ಇಲಾಖೆಗೆ ಪತ್ರ ಬರೆಯಿರಿ, ಅದರ ಪ್ರತಿಯನ್ನು ಕ್ಷೇತ್ರದ ಜನರ ಮುಂದಿಡಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಮಂಗಳೂರು