ಸಾಲವಿದ್ದ ಮಾತ್ರಕ್ಕೆ ಕ್ಲಿಯರೆನ್ಸ್ ತಪ್ಪುವುದಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ರಕ್ಷಣಾ ವಲಯದ ಉದ್ಯೋಗಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಸಾಲಗಾರರಿಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡುವ ಅನುಮತಿ, ಸಿಗುವುದಿಲ್ಲ ಎಂದು ಅದರಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗಿದೆ. ಹಾಗಿದ್ದಿದ್ದರೆ ಮನೆಸಾಲ, ಓದಿನ ಸಾಲ ಹೊತ್ತ ವಾಷಿಂಗ್ಟನ್ ಅರ್ಧಕ್ಕರ್ಧ ಖಾಲಿಯಾಗಬೇಕಿತ್ತು.

ಯಾರಿಗೆ ಕ್ಲಿಯರೆನ್ಸ್ ಕೊಡಬೇಕೆಂದು ತೀರ್ಮಾನಿಸಲು 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಲ್ಲಿ ‘ಎಫ್’ ಎಂಬುದು ಹಣಕಾಸಿನದು. ಇಷ್ಟು ಡಾಲರ್ ದಾಟಿದರೆ ಅನರ್ಹ ಎಂಬ ಗೆರೆ ಅದರಲ್ಲಿ ಎಲ್ಲೂ ಇಲ್ಲ. ಕೆಲಸ ಹೋಯಿತೇ, ಕಾಯಿಲೆ ಬಿತ್ತೇ, ವಿಚ್ಛೇದನವಾಯಿತೇ ಎಂಬುದನ್ನೆಲ್ಲ ಗಣನೆಗೆ ತೆಗೆದುಕೊಳ್ಳುತ್ತಾರೆ. ಆಮೇಲೆ ನೀವೇನು ಮಾಡಿದಿರಿ ಎಂದೂ ಕೇಳುತ್ತಾರೆ. ಜನ ಜಾರಿ ಬೀಳುವುದು ಇಲ್ಲೇ.

ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ ಜಾರಿದ್ದೂ ಹೀಗೆಯೇ. ಶಸ್ತ್ರಚಿಕಿತ್ಸೆಯಾದ ವರ್ಷವೇ ಕೆಲಸವೂ ಹೋಯಿತು. ಆಸ್ಪತ್ರೆಯ ಬಾಕಿ ವಸೂಲಿ ಸಂಸ್ಥೆಯ ಕೈಗೆ ಹೋಯಿತು. ಬಂದ ಲಕೋಟೆಗಳನ್ನು ಒಡೆಯದೆ ಅಡುಗೆಮನೆಯ ಡ್ರಾಯರ್‌ಗೆ ತುರುಕುತ್ತಾ ಹೋದ. ಏಳು ವರ್ಷ ಸುಮ್ಮನಿದ್ದರೆ ಕ್ರೆಡಿಟ್ ವರದಿಯಿಂದ ತಾನಾಗಿ ಅಳಿಸಿಹೋಗುತ್ತದೆ ಎಂದು ಸ್ನೇಹಿತನೊಬ್ಬ ಕಿವಿ ಊದಿದ್ದನಂತೆ. ವರದಿಯಿಂದ ಅಳಿಯುತ್ತದೆ, ನಿಜ. ಆದರೆ ಕಾಲ ತಳ್ಳಿದ್ದನ್ನು ಸಾಲ ತೀರಿಸುವ ಪ್ರಾಮಾಣಿಕ ಪ್ರಯತ್ನವೆಂದು ಕ್ಲಿಯರೆನ್ಸ್ ವಿಚಾರಣೆ ನಡೆಸುವ ನ್ಯಾಯಾಧೀಶರು ಒಪ್ಪುವುದಿಲ್ಲ.

ರಕ್ಷಣಾ ಗುತ್ತಿಗೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಕ್ಲಿಯರೆನ್ಸ್‌ಗಾಗಿ ತುಂಬಬೇಕಾದ ಎಸ್‌ಎಫ್-86 ನಮೂನೆ ಮುಂದೆ ಬಂತು. ಏಳು ವರ್ಷಗಳಲ್ಲಿ 120 ದಿನ ಮೀರಿದ ಬಾಕಿ ಇತ್ತೇ ಎಂದು ಅದರ 26ನೇ ಭಾಗ ಕೇಳುತ್ತದೆ. ‘ಇಲ್ಲ’ ಎಂದು ಬರೆಯಲು ಹೊರಟವನನ್ನು ಅವನ ಹೆಂಡತಿ ತಡೆದಳು. ಗೊತ್ತಿದ್ದೂ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲು; ಸಾಲಕ್ಕೆ ಅಂಥ ಶಿಕ್ಷೆಯಿಲ್ಲ. ನಿಜವನ್ನೇ ಬರೆದ. ಕೆಲವು ತಿಂಗಳ ನಂತರ ಸರ್ಕಾರದಿಂದ ಆಕ್ಷೇಪಗಳ ಪಟ್ಟಿ ಬಂತು. ಉತ್ತರಿಸಲು 20 ದಿನ. ಆ ರಾತ್ರಿ ಗಂಡ ಹೆಂಡತಿ ಕೂತು ಲಕೋಟೆಗಳನ್ನು ಒಂದೊಂದಾಗಿ ಒಡೆದರು. ಒಂದರಲ್ಲಿ, ಬಡ್ಡಿಯಿಲ್ಲದೆ ತಿಂಗಳಿಗೆ 90 ಡಾಲರ್‌ನಂತೆ ಕಟ್ಟಬಹುದು ಎಂಬ ಒಕ್ಕಣೆ! ಎರಡು ವರ್ಷದಿಂದ ಅದು ಡ್ರಾಯರ್‌ನಲ್ಲೇ ಬಿದ್ದಿತ್ತು.

ಸಾಲದಲ್ಲಿ ಸಿಕ್ಕಿದವನು ಹಣಕ್ಕಾಗಿ ರಹಸ್ಯ ಮಾರಿಯಾನೆಂಬ ಸರ್ಕಾರದ ಅನುಮಾನ ಆಧಾರವಿಲ್ಲದ್ದಲ್ಲ. ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಗೂಢಚಾರರ ಬಾಗಿಲು ತಟ್ಟಿದ್ದು ಸಾಲದ ಒತ್ತಡದಲ್ಲೇ. ಆದರೆ ಆಮೇಲೆ ಅವನು 5,40,000 ಡಾಲರ್ ನಗದು ಕೊಟ್ಟು ಮನೆ ಕೊಂಡ, ಸಿಕ್ಕಿಬಿದ್ದದ್ದು 1994ರಲ್ಲಿ. ಲೆಕ್ಕಕ್ಕೆ ಸಿಗದ ಸಿರಿತನವನ್ನೂ ‘ಎಫ್’ ಇಂದು ಪ್ರಶ್ನಿಸುತ್ತದೆ, ಅಷ್ಟರಮಟ್ಟಿಗೆ ಪಾಠ ಕಲಿತಿದ್ದಾರೆ.

ನನಗೆ ಸಿಟ್ಟಿರುವುದು ಬೇರೆಡೆ. ಕ್ಲಿಯರೆನ್ಸ್ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದವನು ಸಾಲ ತೀರಿಸುವುದು ಯಾವುದರಿಂದ? 2018ರ ಡಿಸೆಂಬರ್‌ನಿಂದ 35 ದಿನ ಸರ್ಕಾರವೇ ತನ್ನ ಲಕ್ಷಾಂತರ ನೌಕರರಿಗೆ ಸಂಬಳ ಕೊಡದೆ ಕೂತಿತ್ತು. ಕಂತು ತಪ್ಪಿ ಕ್ಲಿಯರೆನ್ಸ್‌ಗೇ ಕುತ್ತು ಬಂದೀತೆಂದು ಆಗ ಎಷ್ಟೋ ಮನೆಗಳು ಹೆದರಿದ್ದವು.

ಅಕ್ಕನ ಮಗ ಈಗ ಕಂತು ಕಟ್ಟುತ್ತಿದ್ದಾನೆ. ರಸೀದಿಗಳು ಅದೇ ಡ್ರಾಯರ್‌ನಲ್ಲಿವೆ. ತೀರ್ಪು ಇನ್ನೂ ಬಂದಿಲ್ಲ.

ಇಂತಿ,
ನಿಮ್ಮ ಓದುಗ